ಒಂದೇ ಗಿರಣಿ, ನಾಲ್ಕು ಬಗೆಯ ಬರವಣಿಗೆ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕಾಲೇಜಿನ ದಿನಗಳಿಂದ ಕವಿತೆ ಬರೆಯುತ್ತಿದ್ದೇನೆ. ಈಚೆಗೆ ಅಪ್ಪನ ಹಿಟ್ಟಿನ ಗಿರಣಿ ಮುಚ್ಚಿದ ದಿನದ ಬಗ್ಗೆ ಒಂದು ಕಥೆ ಬರೆದೆ. ಬೆಲ್ಟ್ ಬಿಚ್ಚಿಟ್ಟ ಮೇಲೆ ಪಕ್ಕದ ಊರಿನ ಅಜ್ಜಿಯೊಬ್ಬಳು ಜೋಳ ಹೊತ್ತುಕೊಂಡು ಬಂದದ್ದು ಅದರಲ್ಲಿದೆ. ಓದಿದ ಗೆಳತಿ "ಇದು ಕಥೆಯಲ್ಲ, ಪ್ರಬಂಧ" ಅಂದಳು. ಸಹೋದ್ಯೋಗಿಯೊಬ್ಬರು "ನಾಟಕ ಮಾಡಿ, ಚೆನ್ನಾಗಿರುತ್ತೆ" ಅಂದರು. ನನಗೆ ಇವೆಲ್ಲವನ್ನೂ ಬರೆಯಲು ಕಲಿಯುವ ಆಸೆ ಇದೆ. ಒಂದೊಂದಕ್ಕೂ ನಿಯಮಗಳಿವೆಯಾ? ಯಾವುದರಿಂದ ಶುರು ಮಾಡಲಿ? ಕಥೆಯನ್ನೂ ಕಳಿಸಿದ್ದೇನೆ.

ಉತ್ತರ: ಕಥೆ ಕಳಿಸಿದ್ದು ಒಳ್ಳೆಯದಾಯಿತು. ಅದನ್ನೇ ಮುಂದಿಟ್ಟುಕೊಂಡು ಮಾತಾಡೋಣ. ನಿಮ್ಮ ಗೆಳತಿ ಹೇಳಿದ್ದು ಸರಿ. ನೀವು ಬರೆದಿರುವುದು ಪ್ರಬಂಧ. ಆದರೆ ಅವರು ಅದನ್ನು ಕೊರತೆ ಎಂಬಂತೆ ಹೇಳಿದ್ದರೆ, ಅದನ್ನು ನಾನು ಒಪ್ಪುವುದಿಲ್ಲ. ಒಳ್ಳೆಯ ಪ್ರಬಂಧಕ್ಕೆ ಬೇಕಾದ್ದೆಲ್ಲ ಅದರಲ್ಲಿದೆ.

ನಿಯಮಗಳ ಬಗ್ಗೆ ಕೇಳಿದ್ದೀರಿ. ಛಂದಸ್ಸಿಗೆ ನಿಯಮಗಳಿವೆ, ಅದಕ್ಕೆ ಆಮೇಲೆ ಬರುತ್ತೇನೆ. ಉಳಿದ ಪ್ರಕಾರಗಳಿಗೆ ಪಠ್ಯಪುಸ್ತಕದಲ್ಲಿ ಲಕ್ಷಣಗಳ ಪಟ್ಟಿ ಸಿಗುತ್ತದೆ. ಪರೀಕ್ಷೆಗೆ ಅದು ಸಾಕು. ಬರೆಯಲು ಕೂತಾಗ ಅದರಿಂದ ಜಾಸ್ತಿ ನೆರವು ಸಿಗುವುದಿಲ್ಲ. ಕಥಾ ಕಮ್ಮಟಗಳಲ್ಲಿ ನಾನು ಹೊಸಬರಿಗೆ ಬೇರೊಂದು ಪ್ರಶ್ನೆ ಕೇಳುತ್ತೇನೆ. ಈ ಪ್ರಕಾರ ನಿಮ್ಮಿಂದ ಏನನ್ನು ಕಿತ್ತುಕೊಳ್ಳುತ್ತದೆ? ನಾಟಕ ನಿರೂಪಕನ ದನಿಯನ್ನೇ ಕಿತ್ತುಕೊಳ್ಳುತ್ತದೆ. ಸಣ್ಣಕಥೆಯಲ್ಲಿ ವಿವರಣೆಗೆ ಜಾಗ ಸಿಗುವುದಿಲ್ಲ. ಕವಿತೆಯಲ್ಲಿ "ಆಮೇಲೆ ಏನಾಯಿತು" ಎಂಬ ಆಸರೆ ಇರುವುದಿಲ್ಲ. ಪ್ರಬಂಧದಲ್ಲಿ ಪಾತ್ರದ ಹಿಂದೆ ಅಡಗಿಕೊಳ್ಳಲು ಆಗುವುದಿಲ್ಲ. ಹೀಗೆ ಕೈತಪ್ಪಿದ್ದರ ಜಾಗಕ್ಕೆ ನೀವು ಇನ್ನೇನನ್ನೋ ಹುಡುಕಿ ತರಬೇಕಾಗುತ್ತದೆ. ಒಂದು ಪ್ರಕಾರವನ್ನು ಕಲಿಯುವುದು ಅಂದರೆ ಆ ಹುಡುಕಾಟವೇ.

ಇದನ್ನು ಕಲಿಯಲು ಕನ್ನಡದಲ್ಲಿ ದೊಡ್ಡ ಅನುಕೂಲವಿದೆ. ಒಂದೇ ಪ್ರಸಂಗವನ್ನು ನಮ್ಮವರು ಸಾವಿರ ವರ್ಷಗಳಿಂದ ಬೇರೆ ಬೇರೆ ಪ್ರಕಾರಗಳಲ್ಲಿ ಬರೆದಿದ್ದಾರೆ. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ ಪ್ರಸಂಗವನ್ನೇ ತೆಗೆದುಕೊಳ್ಳಿ. ಪಂಪನೂ ರನ್ನನೂ ಅದನ್ನು ಚಂಪೂವಿನಲ್ಲಿ, ಅಂದರೆ ಪದ್ಯ ಗದ್ಯ ಎರಡೂ ಬೆರೆತ ಕಾವ್ಯದಲ್ಲಿ ಹೇಳಿದರು. ಕುಮಾರವ್ಯಾಸ ಭಾಮಿನಿ ಷಟ್ಪದಿಯಲ್ಲಿ ಹೇಳಿದ. ಅವನ ಭಾರತ ಮುಗಿಯುವುದೇ ಗದಾಪರ್ವದಲ್ಲಿ. ಯಕ್ಷಗಾನಕ್ಕೆ ಗದಾಯುದ್ಧ ಪ್ರಸಂಗವಾಯಿತು. ಬಿ.ಎಂ.ಶ್ರೀಯವರು ರನ್ನನ ಕಾವ್ಯವನ್ನೇ ಆಧರಿಸಿ 1926ರಲ್ಲಿ 'ಗದಾಯುದ್ಧ ನಾಟಕಂ' ತಂದರು. 1979ರಲ್ಲಿ ಎಸ್.ಎಲ್. ಭೈರಪ್ಪನವರ 'ಪರ್ವ' ಮಹಾಭಾರತವನ್ನೇ ಕಾದಂಬರಿ ಮಾಡಿತು.

ರನ್ನನಲ್ಲಿ ಭೀಮನ ಗರ್ಜನೆ ನೀರಿನಾಳಕ್ಕೆ ಕೇಳಿಸುತ್ತದೆ. ಆಗ ಬರುವ ಸಾಲು ನಿಮಗೂ ಗೊತ್ತಿರುತ್ತದೆ: "ನೀರೊಳಗಿರ್ದುಂ ಬೆಮರ್ತನುರಗಪತಾಕಂ". ಹಾವಿನ ಬಾವುಟದ ದುರ್ಯೋಧನ ನೀರಿನ ಒಳಗಿದ್ದೂ ಬೆವರಿದ. ಒಂದು ಕ್ಷಣ ಯೋಚಿಸಿ. ನೀರಿನಲ್ಲಿರುವವನ ಬೆವರನ್ನು ಯಾರು ನೋಡಲು ಸಾಧ್ಯ? ಯಾವ ಕಣ್ಣಿಗೂ ಕಾಣದು. ಮಾತಿನಲ್ಲಿ ಮಾತ್ರ ಅದು ಆಗುತ್ತದೆ. ಕೋಪದಿಂದ ಬೆವರಿದನೋ ಭಯದಿಂದಲೋ ಎಂದು ಇವತ್ತಿಗೂ ಓದುಗರು ಮಾತಾಡುತ್ತಾರೆ. ಪದ್ಯ ಕೋಪದಿಂದ ಕೆಂಪಾದ ಕಣ್ಣನ್ನು ತೋರಿಸುತ್ತದೆ. ಆದರೆ ಬೆವರು ಅಷ್ಟಕ್ಕೇ ನಿಲ್ಲಲು ಬಿಡುವುದಿಲ್ಲ.

ಈಗ ಅದೇ ಕ್ಷಣವನ್ನು ರಂಗದ ಮೇಲೆ ತನ್ನಿ. ಆ ಬೆವರು ಕೈಗೆ ಸಿಗುವುದಿಲ್ಲ. ನಟನ ಹಣೆ ಹತ್ತನೆಯ ಸಾಲಿನಲ್ಲಿ ಕೂತವರಿಗೆ ಕಾಣುವುದಿಲ್ಲ. ಹಾಗಾಗಿ ಬೆವರು ಬೇರೆ ಏನಾದರೂ ಆಗಬೇಕು. ತಡವಾಗಿ ಬರುವ ಉತ್ತರ ಆಗಬಹುದು. ಏಳುವಾಗ ಗದೆಯನ್ನು ಊರಿಕೊಳ್ಳುವ ರೀತಿ ಆಗಬಹುದು. ಅಥವಾ ದಡದಲ್ಲಿ ನಿಂತ ಇನ್ನೊಬ್ಬರು ಅದನ್ನು ನೋಡಿ ಹೇಳಬೇಕು. ಯಕ್ಷಗಾನದ್ದೇ ಇನ್ನೊಂದು ರೂಪವಾದ ತಾಳಮದ್ದಳೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಕೂತಲ್ಲೇ ಮಾತಾಡಬೇಕು. ಅಲ್ಲಿ ದುರ್ಯೋಧನ ತಾನು ಅಡಗಿದ್ದು ಏಕೆ ಎಂಬುದನ್ನು ವಾದ ಮಾಡಿ ಸಮರ್ಥಿಸಿಕೊಳ್ಳುತ್ತಾನೆ. ಬೆವರು ಅಲ್ಲಿ ತರ್ಕವಾಗಿ ಬದಲಾಗುತ್ತದೆ. ಪವಾಡಗಳನ್ನು ಬಿಟ್ಟು, ಮನುಷ್ಯರ ನೆನಪು ದಣಿವುಗಳ ಮೂಲಕ ಕಥೆ ಹೇಳುವ ಕಾದಂಬರಿಗೆ ಬಂದರೆ ಪ್ರಶ್ನೆಯೇ ಬೇರೆ. ಗಾಯಗೊಂಡ ಮೈ ತಣ್ಣೀರಿನಲ್ಲಿ ಎಷ್ಟು ಹೊತ್ತು ತಡೆದೀತು? ಆ ಹೊತ್ತಿನಲ್ಲಿ ಅವನಿಗೆ ಯಾರ ಮುಖ ನೆನಪಾದೀತು? ಹೀಗೆ ಮುಂದುವರಿಯುತ್ತದೆ.

ಒಂದು ರಜೆಯಲ್ಲಿ ಇವುಗಳಲ್ಲಿ ಕನಿಷ್ಠ ಮೂರನ್ನು ಪಕ್ಕಪಕ್ಕ ಇಟ್ಟುಕೊಂಡು ಈ ಭಾಗವನ್ನಷ್ಟೇ ಓದಿ. ಹಳಗನ್ನಡ ಕಷ್ಟವಾದರೆ ಗದ್ಯಾನುವಾದ ಜೊತೆಗಿರಲಿ. ಯಾವುದರಲ್ಲಿ ಏನು ಉಳಿದಿದೆ, ಏನು ಬಿದ್ದುಹೋಗಿದೆ ಎಂದು ಅಂಚಿನಲ್ಲಿ ಗುರುತು ಹಾಕಿ. ಲಕ್ಷಣಗಳ ಪಟ್ಟಿ ಓದಿದ್ದಕ್ಕಿಂತ ಇದರಿಂದ ಕಲಿಯುವುದು ಹೆಚ್ಚು.

ಇನ್ನು ನಿಮ್ಮ ಗಿರಣಿಗೆ ಬರೋಣ. ನಿಮ್ಮ ಬರಹದ ಮೊದಲ ಎರಡು ಪುಟಗಳಲ್ಲಿ ಪಾಳಿ ಹಚ್ಚಿ ಕೂತವರ ಮಾತುಕತೆ ಇದೆ. ಬಿಸಿ ಹಿಟ್ಟಿನ ಡಬ್ಬಿಯನ್ನು ಸೊಂಟಕ್ಕೆ ಒತ್ತಿಕೊಂಡು ಮನೆಗೆ ಹೋಗುವ ಸುಖ ಇದೆ. ಜೋಳ ಬೀಸಿದ ಮೇಲೆ ಗೋಧಿ ಹಾಕಿದಾಗ ಮೊದಲು ಉದುರುವ ಬೆರಕೆ ಹಿಟ್ಟು ಯಾರ ಪಾಲಿಗೆ ಎಂಬ ಜಗಳ ಇದೆ. ಬಹಳ ಚೆನ್ನಾಗಿವೆ ಇವು. ಆದರೆ ಇವುಗಳಿಂದ ಯಾವ ಘಟನೆಯೂ ಮುಂದೆ ಹೋಗುವುದಿಲ್ಲ. ನಿಮ್ಮ ಮನಸ್ಸು ಒಂದರಿಂದ ಇನ್ನೊಂದಕ್ಕೆ ಹೊರಳುವ ರೀತಿಯಲ್ಲೇ ಅವುಗಳ ರುಚಿ ಇದೆ. ಲಲಿತ ಪ್ರಬಂಧ ನಡೆಯುವುದೇ ಹೀಗೆ. ಎ.ಎನ್. ಮೂರ್ತಿರಾಯರ 'ಹಗಲುಗನಸುಗಳು' ಸಿಕ್ಕರೆ ಓದಿ. ಗೊರೂರರ 'ಹಳ್ಳಿಯ ಚಿತ್ರಗಳು' ಕೂಡ. ವಿಷಯಕ್ಕಾಗಿ ಓದಬೇಡಿ. ಒಂದು ಪ್ಯಾರಾದಿಂದ ಇನ್ನೊಂದಕ್ಕೆ ಹೇಗೆ ದಾಟುತ್ತಾರೆ ಎಂದು ಗಮನಿಸಿ.

ಪ್ರಬಂಧದಲ್ಲಿ ಮರೆ ಇಲ್ಲ ಅಂದೆ. ನೀವು ಗೀತಾ ಎಂಬ ಹುಡುಗಿಯನ್ನು ಮಾಡಿಕೊಂಡು ಅವಳ ಹಿಂದೆ ನಿಂತಿದ್ದೀರಿ. ನೋಡುವ ಕಣ್ಣು ಮಾತ್ರ ನಿಮ್ಮದೇ. "ಗೀತಾ" ಇರುವ ಕಡೆಯೆಲ್ಲ "ನಾನು" ಎಂದು ಹಾಕಿ ಓದಿ ನೋಡಿ. ಅರ್ಧ ತೊಡಕು ಅಲ್ಲೇ ಬಿಡಿಸಿಕೊಳ್ಳುತ್ತದೆ. ಉಳಿದರ್ಧ ಮೂರನೆಯ ಪುಟದಲ್ಲಿದೆ. ಗೀತಾಳ ಯೂನಿಫಾರ್ಮಿನ ಮೇಲೆ ಯಾವಾಗಲೂ ಹಿಟ್ಟಿನ ಧೂಳು ಇರುತ್ತಿತ್ತು ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಪ್ರಬಂಧಕಾರರು ಅಲ್ಲಿ ನಿಲ್ಲಬೇಕು. ನಾಚಿಕೆ ಆಗುತ್ತಿತ್ತಾ? ಶಾಲೆಯ ಬಾಗಿಲಲ್ಲಿ ನಿಂತು ಕೊಡವಿಕೊಳ್ಳುತ್ತಿದ್ದಿರಾ? ಅಪ್ಪನಿಗೆ ಅದು ಗೊತ್ತಿತ್ತಾ? ಇದನ್ನು ಹೇಳದೆ ಉಳಿದದ್ದನ್ನೆಲ್ಲ ಎಷ್ಟು ಚೆನ್ನಾಗಿ ಹೇಳಿದರೂ ಓದುಗರಿಗೆ ಏನೋ ಬಾಕಿ ಉಳಿದಂತೆ ಅನಿಸುತ್ತದೆ.

ಇದೇ ವಸ್ತು ಕಥೆಯಾಗಬೇಕಾದರೆ? ಆ ಎರಡು ಪುಟಗಳನ್ನು ಬಿಟ್ಟುಬಿಡಿ. ಬೇಜಾರಾಗುತ್ತದೆ, ಗೊತ್ತು. ಕಥೆ ಬೆಲ್ಟ್ ಬಿಚ್ಚಿಟ್ಟ ಮೇಲೆ ಶುರುವಾಗಲಿ. ಅಜ್ಜಿ ಬಂದಳು.

"ಯಪ್ಪಾ, ಐದ್ ಸೇರು ಜ್ವಾಳ ಅದಾವು. ಬೀಸಿ ಕೊಡು."

"ಬೆಲ್ಟ್ ತಗದೇವಿ ಯವ್ವಾ."

"ಹಂಗಾದ್ರ ನಾಳಿಗೆ ಬರ್ಲೇನು?"

ಇದು ನಿಮ್ಮದೇ ಸಂಭಾಷಣೆ. ಐದನೆಯ ಪುಟದಲ್ಲಿ ಹೂತುಹೋಗಿತ್ತು. ಇಡೀ ಕಥೆ ಇರುವುದು ಆ ಮೂರನೆಯ ಸಾಲಿನಲ್ಲಿ. ಅಪ್ಪ ಅದಕ್ಕೆ ಏನು ಹೇಳುತ್ತಾನೆ ಎಂಬುದೊಂದೇ ಓದುಗರಿಗೆ ಬೇಕಾದದ್ದು. ನೀವು ಅಲ್ಲಿ ನಿಲ್ಲಿಸಿ, ಮನೆಮನೆಗೂ ಪ್ಯಾಕೆಟ್ ಹಿಟ್ಟು ಬಂದದ್ದು, ಕರೆಂಟ್ ಬಿಲ್ ಏರಿದ್ದು, ಪೇಟೆಯಲ್ಲಿ ದೊಡ್ಡ ಗಿರಣಿ ಆದದ್ದು ಎಲ್ಲ ವಿವರಿಸಿದ್ದೀರಿ. ಪ್ರಬಂಧದಲ್ಲಿ ಇದಕ್ಕೆ ಜಾಗ ಉಂಟು. ಕಥೆಯಲ್ಲಿ ಇಲ್ಲ. ಗೋಡೆಯ ಮೊಳೆಗೆ ಸಿಕ್ಕಿಸಿದ ಬಿಲ್ಲುಗಳ ಕಂತೆ ಒಂದು ಸಾಲಿನಲ್ಲಿ ಕಂಡರೆ ಸಾಕು. ಉಳಿದದ್ದನ್ನು ಓದುಗರೇ ಊಹಿಸಿಕೊಳ್ಳುತ್ತಾರೆ.

ಕಥೆಗೆ ಇನ್ನೊಂದು ಪ್ರಶ್ನೆ ಇದೆ. ಇದನ್ನು ಯಾರು ಹೇಳುತ್ತಿದ್ದಾರೆ? ಕನ್ನಡ ಸಣ್ಣಕಥೆ ಮೊದಲಿನಿಂದಲೂ ಈ ಪ್ರಶ್ನೆಗೆ ತುಂಬ ಬೆಲೆ ಕೊಟ್ಟಿದೆ. ಮಾಸ್ತಿಯವರ ಮೊದಲ ಸಂಕಲನ ಬಂದದ್ದು 1920ರಲ್ಲಿ. ಅವರ ಎಷ್ಟೋ ಕಥೆಗಳಲ್ಲಿ ಕಥೆಯೊಳಗಿನ ಯಾರೋ ಒಬ್ಬರು ಇನ್ನೊಬ್ಬರಿಗೆ ಹೇಳುತ್ತಿರುತ್ತಾರೆ. ಹೇಳುವವರಿಗೆ ಎಷ್ಟು ಗೊತ್ತು, ಏನನ್ನು ಹೇಳಲು ಹಿಂಜರಿಯುತ್ತಾರೆ ಎಂಬುದು ಕಥೆಯ ಒಳಗೇ ಕೆಲಸ ಮಾಡುತ್ತದೆ. ನಿಮ್ಮ ಕಥೆಯನ್ನು ಮಗಳು ಹೇಳಬಹುದು. ಅಜ್ಜಿಯ ಕಡೆಯಿಂದಲೂ ನೋಡಬಹುದು. ಮೋಟರ್ ಕೊಳ್ಳಲು ಟೆಂಪೋ ತಂದು ಹೊರಗೆ ಕಾಯುತ್ತಿರುವ ವ್ಯಾಪಾರಿ ಹೇಳಿದರೆ? ಅವನಿಗೆ ಹೊತ್ತಾಗುತ್ತಿದೆ. ಈ ಅಜ್ಜಿ ಯಾಕೆ ಹೋಗುತ್ತಿಲ್ಲ ಎಂಬುದು ಅವನ ಚಿಂತೆ. ಅಪ್ಪನ ಸಂಕಟದ ಬಗ್ಗೆ ಅವನು ಒಂದು ಮಾತೂ ಆಡುವುದಿಲ್ಲ. ಆದರೂ ಅದು ನಮಗೆ ತಿಳಿಯುತ್ತದೆ. ಮೂರೂ ಕಡೆಯಿಂದ ಒಂದೊಂದು ಪುಟ ಬರೆದು ನೋಡಿ. ಯಾವ ದನಿಯಲ್ಲಿ ನಿಮಗೆ ಗೊತ್ತಿಲ್ಲದ್ದೇನಾದರೂ ಬಂತೋ ಅದನ್ನು ಉಳಿಸಿಕೊಳ್ಳಿ.

ನಾಟಕಕ್ಕೆ ಬಂದಾಗ ಬಹಳ ಜನ ಎಡವುವುದು ಒಂದೇ ಕಡೆ. ಕಥೆಯ ಸಂಭಾಷಣೆಗಳನ್ನು ಹೆಸರು ಹಾಕಿ ಜೋಡಿಸಿದರೆ ನಾಟಕವಾಯಿತು ಅಂದುಕೊಳ್ಳುತ್ತಾರೆ. ಓದುವಾಗ ಹಾಗೆ ಅನಿಸಲೂಬಹುದು. ಆದರೆ ರಂಗದ ಮೇಲೆ ನಿಮ್ಮ ಅಪ್ಪನ ಮನಸ್ಸಿನೊಳಗೆ ಹೋಗಿ "ಅವನಿಗೆ ಎದೆ ಭಾರವಾಯಿತು" ಅನ್ನಲು ಯಾರೂ ಇಲ್ಲ. ಪಾತ್ರದ ಬಾಯಲ್ಲೇ ಅದನ್ನು ಹೇಳಿಸಿದರೆ ಇನ್ನೂ ಕೆಡುತ್ತದೆ. ನಿಜವಾದ ಅಪ್ಪಂದಿರು "ನನಗೆ ಬಹಳ ದುಃಖವಾಗುತ್ತಿದೆ" ಎಂದು ಹೇಳುವುದನ್ನು ಎಲ್ಲಿಯಾದರೂ ಕೇಳಿದ್ದೀರಾ? ಅವನು ಏನಾದರೂ ಮಾಡಬೇಕು. "ನಾಳಿಗೆ ಬರ್ಲೇನು?" ಅಂದಾಗ ಅವನು ಸುಮ್ನೆ ಅವಳ ಚೀಲ ಇಸಿದುಕೊಂಡು, ಹಳೆಯ ಅಭ್ಯಾಸದಂತೆ ತಕ್ಕಡಿಗೆ ಹಾಕಿ ತೂಗಲಿ. ಬೀಸಲು ಯಂತ್ರವಿಲ್ಲ. ಆದರೂ ತೂಗುತ್ತಾನೆ. ಆ ಒಂದು ಕೆಲಸ ಪ್ರೇಕ್ಷಕರಿಗೆ ಎಲ್ಲವನ್ನೂ ತಿಳಿಸುತ್ತದೆ. ನಾಟಕ ಬರೆಯುವಾಗ ನೀವು ಹುಡುಕಬೇಕಾದದ್ದು ಇಂಥದ್ದನ್ನು.

ಹೇಳುವವರು ಬೇಕೇ ಬೇಕು ಅನಿಸಿದರೆ ಅವರನ್ನೂ ರಂಗಕ್ಕೆ ಕರೆತರಬೇಕಾಗುತ್ತದೆ. ಗಿರೀಶ ಕಾರ್ನಾಡರ 'ನಾಗಮಂಡಲ'ದ ಮೂಲ ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜಾನಪದ ಕಥೆಗಳು. ಅಜ್ಜಿ ಕಥೆಯಲ್ಲಿ ಹೇಳುವ ಅಜ್ಜಿಯ ದನಿಯೇ ಜೀವಾಳ. ರಂಗದ ಮೇಲೆ ಆ ದನಿ ಕಳೆದುಹೋಗುತ್ತದೆ. ಕಾರ್ನಾಡರು ಕಥೆಯನ್ನೇ ಒಂದು ಹೆಣ್ಣು ಪಾತ್ರ ಮಾಡಿ ರಂಗಕ್ಕೆ ತಂದರು. ರಾತ್ರಿಯಿಡೀ ನಿದ್ದೆ ಮಾಡದೆ ಎಚ್ಚರವಿರಬೇಕಾದ ಒಬ್ಬ ಮನುಷ್ಯನಿಗೆ ಅವಳು ತನ್ನನ್ನೇ ಹೇಳಿಕೊಳ್ಳುತ್ತಾಳೆ. ಕಳೆದುಹೋದದ್ದರ ಜಾಗಕ್ಕೆ ಹೊಸದನ್ನು ಹುಡುಕುವುದು ಅಂದೆನಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ನಾಟಕವನ್ನು ಓದಿ ಕಲಿಯುವುದಕ್ಕಿಂತ ನೋಡಿ ಕಲಿಯುವುದೇ ಜಾಸ್ತಿ. ಹೆಗ್ಗೋಡಿನ ನೀನಾಸಂ 1985ರಿಂದ 'ತಿರುಗಾಟ' ತಂಡವನ್ನು ಊರೂರಿಗೆ ಕಳಿಸುತ್ತಿದೆ. ನಿಮ್ಮ ಜಿಲ್ಲೆಯಲ್ಲೇ ಹಾನಗಲ್ ತಾಲೂಕಿನ ಶೇಷಗಿರಿ ನಾಟಕಕ್ಕೆ ಹೆಸರಾದ ಹಳ್ಳಿ. ಹೋಗಿ ನೋಡಿ. ಸಾಧ್ಯವಾದರೆ ತಾಲೀಮಿನ ದಿನ ಹೋಗಿ. ಬರೆದ ಮಾತು ನಟನ ಬಾಯಲ್ಲಿ ಎಲ್ಲಿ ತಡವರಿಸುತ್ತದೆ ಎಂಬುದು ತಾಲೀಮಿನಲ್ಲಿ ಗೊತ್ತಾಗುವಷ್ಟು ಬೇರೆಲ್ಲೂ ಗೊತ್ತಾಗುವುದಿಲ್ಲ. ನಿಮ್ಮ ಶಾಲೆಯಲ್ಲೇ ಇಬ್ಬರು ಶಿಕ್ಷಕರನ್ನು ನಿಲ್ಲಿಸಿ ಆ ಮೂರು ಸಾಲು ಓದಿಸಿ. ಹಾವೇರಿಯ ಮಾತು ಬಲ್ಲವರು ಓದಲಿ. ನೀವು ಕಥೆಯಲ್ಲಿ ಅಜ್ಜಿಗೆ ಒಂದು ಕಡೆ ಊರಿನ ಮಾತು, ಇನ್ನೊಂದು ಕಡೆ ಪುಸ್ತಕದ ಮಾತು ಕೊಟ್ಟಿದ್ದೀರಿ. ಕಿವಿಗೆ ಅದು ಕೂಡಲೇ ತಿಳಿಯುತ್ತದೆ.

ಕವಿತೆ ನಿಮಗೆ ಹೊಸದಲ್ಲ. ಜೊತೆಗೆ ಕಳಿಸಿದ ಎರಡು ಕವಿತೆಗಳನ್ನೂ ಓದಿದೆ. ಅವುಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಸಾಲನ್ನು ಎಲ್ಲಿ ಮುರಿಯಬೇಕು ಎಂಬುದನ್ನು ನಿಮ್ಮ ಕಣ್ಣು ನಿರ್ಧರಿಸುತ್ತಿದೆ. ಕಿವಿ ನಿರ್ಧರಿಸಬೇಕು. ಈಗಿನ ಕವಿತೆಗಳಲ್ಲಿ ಇದು ತುಂಬ ಕಾಣುತ್ತದೆ. ಗದ್ಯವನ್ನು ತುಂಡರಿಸಿ ಕೆಳಗೆ ಕೆಳಗೆ ಬರೆದು, ಕೊನೆಗೊಂದು ಅಂಕಿತ ಸೇರಿಸಿ ವಚನ ಅನ್ನುತ್ತಾರೆ. ವಚನಕಾರರ ವಚನಗಳನ್ನು ಗಟ್ಟಿಯಾಗಿ ಓದಿದರೆ ಅಲ್ಲಿ ಮಾತಿನದೇ ಒಂದು ಲಯ ಇರುವುದು ಕೇಳಿಸುತ್ತದೆ.

ಅದಕ್ಕೇ ಛಂದಸ್ಸು ಕಲಿಯಿರಿ ಅನ್ನುತ್ತೇನೆ. ಜೀವನವಿಡೀ ಷಟ್ಪದಿ ಬರೆಯಲು ಅಲ್ಲ. ಕಿವಿ ತಯಾರಾಗಲು. ಭಾಮಿನಿ ಷಟ್ಪದಿಯ ಲೆಕ್ಕ ಸುಲಭ. ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ನಾಲ್ಕು ಮೂರು ನಾಲ್ಕು ಎಂದು ಒಟ್ಟು 14 ಮಾತ್ರೆ. ಮೂರು ಮತ್ತು ಆರನೆಯ ಸಾಲಿನಲ್ಲಿ ಅದೇ ನಡಿಗೆ ಇನ್ನೂ ಮುಂದುವರಿದು ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಬಂದು 23 ಮಾತ್ರೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ, ಸೊನ್ನೆ ಇರುವ ಅಕ್ಷರಕ್ಕೂ ಎರಡು. ಎಲ್ಲ ಸಾಲುಗಳಲ್ಲೂ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ. ಅದು ಆದಿಪ್ರಾಸ. ನಿಮ್ಮ ಗಿರಣಿಗೆ ಎರಡು ಸಾಲು ಹೀಗೆ ಬರಬಹುದು:

ಗಿರಣಿ ನಿಂತಿದೆ ಬೆಲ್ಟು ಕಳಚಿದೆ
ಕರೆದು ಕೇಳಲು ಯಾರು ಉಳಿದರು

ಬೆರಳು ಮಡಚಿ ಎಣಿಸಿ ನೋಡಿ. ಬೆಲ್ಟು ಎಂಬ ಮಾತು ಕೂಡ ಕುಮಾರವ್ಯಾಸನ ನಡಿಗೆಯಲ್ಲಿ ಸರಾಗವಾಗಿ ಕೂರುತ್ತದೆ! ಮುಂದಿನ ನಾಲ್ಕು ಸಾಲು ನೀವು ಬರೆಯಿರಿ. ಮೊದಲು ತೋಚಿದ ಪದ ಅಳತೆಗೆ ಕೂರುವುದಿಲ್ಲ. ಬೇರೆ ಪದ ಹುಡುಕುತ್ತೀರಿ. ಹುಡುಕುವಾಗ, ನೀವು ಹೇಳಬೇಕೆಂದುಕೊಂಡದ್ದಕ್ಕಿಂತ ನಿಖರವಾದದ್ದು ಕೆಲವು ಸಲ ಸಿಕ್ಕಿಬಿಡುತ್ತದೆ. ಛಂದಸ್ಸು ನಿಮ್ಮಿಂದ ಕಿತ್ತುಕೊಳ್ಳುವುದು ಆ ಮೊದಲ ಪದವನ್ನು. ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದು, ಕೇಳಿದರೆ ಇದು ಇನ್ನೂ ಬೇಗ ಬರುತ್ತದೆ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಗಮಕಿಗಳು ವಾಚನ ಮಾಡಿದ್ದು ಇಂಟರ್ನೆಟ್ಟಿನಲ್ಲೂ ಸಿಗುತ್ತದೆ. ಇನ್ನೂ ಚಿಕ್ಕದರಿಂದ ಶುರು ಮಾಡಬೇಕು ಅನಿಸಿದರೆ ದಿನಕರ ದೇಸಾಯಿಯವರ ಚುಟುಕಗಳಿವೆ. ನಾಲ್ಕೇ ಸಾಲು, ಕೊನೆಗೆ ಪ್ರಾಸ.

ಕಾದಂಬರಿ ಸದ್ಯಕ್ಕೆ ಬೇಡ. ಅದಕ್ಕೆ ಬೇಕಾದದ್ದು ಬಹಳ ದಿನ ಒಂದೇ ಲೋಕದಲ್ಲಿ ಇರುವ ತಾಳ್ಮೆ. ಗಿರಣಿಗೆ ಬರುತ್ತಿದ್ದ ಹತ್ತಾರು ಜನರ ಮನೆಯೊಳಗೂ ಹೋಗಬೇಕು ಅಂತ ನಿಮಗೇ ಅನಿಸತೊಡಗಿದರೆ ಆಗ ಯೋಚಿಸಿ.

ಶುರು ಎಲ್ಲಿಂದ ಅಂದಿರಿ. ನಿಮ್ಮ ವಿಷಯದಲ್ಲಿ ಪ್ರಬಂಧದಿಂದ. ಅರ್ಧ ದಾರಿ ಈಗಾಗಲೇ ಬಂದಿದ್ದೀರಿ. ಗೀತಾಳನ್ನು ಬಿಟ್ಟು "ನಾನು" ಎಂದು ಪೂರ್ತಿ ಮತ್ತೆ ಬರೆಯಿರಿ. ಹಳೆಯ ಕಡತವನ್ನು ತಿದ್ದುತ್ತ ಕೂರಬೇಡಿ, ಅದನ್ನು ಮುಚ್ಚಿಟ್ಟು ಹೊಸ ಹಾಳೆಯಲ್ಲಿ ಬರೆಯಿರಿ. ನೆನಪಿನಲ್ಲಿ ಉಳಿಯದ ವಾಕ್ಯ ಬೇಡವಾದ ವಾಕ್ಯವೇ ಆಗಿರುತ್ತದೆ. ಮುಗಿದ ಮೇಲೆ ಕೆಲವು ವಾರ ಮುಟ್ಟಬೇಡಿ. ಆಮೇಲೆ ಒಬ್ಬರೇ ಕೂತು ಗಟ್ಟಿಯಾಗಿ ಓದಿ. ಉಸಿರು ಸಿಕ್ಕಿಕೊಂಡ ಕಡೆ ಗೆರೆ ಎಳೆಯಿರಿ, ಅಲ್ಲಿ ವಾಕ್ಯ ಉದ್ದವಾಗಿರುತ್ತದೆ ಅಥವಾ ಸುಳ್ಳಾಗಿರುತ್ತದೆ. ಆನಂತರ ಆ ಮೂರು ಸಾಲಿನ ಸಂಭಾಷಣೆಯಿಂದ ಒಂದು ಚಿಕ್ಕ ದೃಶ್ಯ ಬರೆಯಿರಿ. ವ್ಯಾಪಾರಿಯೂ ಇರಲಿ. ಕಂಸದೊಳಗೆ "ದುಃಖದಿಂದ", "ನಿಟ್ಟುಸಿರಿಟ್ಟು" ಎಂಬ ಸೂಚನೆಗಳು ಒಂದೂ ಬೇಡ. ದೃಶ್ಯದ ಕೆಲಸ ಮುಗಿದ ಮೇಲೆ ಕಥೆಗೆ ಬನ್ನಿ. ಆಗ ನಿಮಗೆ ಏನನ್ನು ಹೇಳದೆ ಬಿಡಬೇಕು ಎಂಬುದರ ಅಭ್ಯಾಸ ಆಗಿರುತ್ತದೆ. ಷಟ್ಪದಿಯನ್ನು ಇದರ ಪಕ್ಕದಲ್ಲೇ ದಿನಕ್ಕೆರಡು ಸಾಲಿನಂತೆ ನಡೆಸಿ.

ಓದಿ ಹೇಳುವವರು ಒಬ್ಬರಾದರೂ ಬೇಕು. ಮನೆಯವರಿಗೆ ಆ ಗಿರಣಿ ಗೊತ್ತು, ಹಾಗಾಗಿ ನೀವು ಬರೆಯದೆ ಬಿಟ್ಟದ್ದನ್ನೂ ಅವರು ಓದಿಕೊಂಡುಬಿಡುತ್ತಾರೆ. ನಿಮ್ಮ ಗೆಳತಿ ಒಳ್ಳೆಯ ಓದುಗರು, ಅವರನ್ನು ಬಿಡಬೇಡಿ. ಆದರೆ "ಹೇಗಿದೆ" ಎಂದು ಕೇಳಬೇಡಿ. "ಎಲ್ಲಿ ಬೇಜಾರಾಯಿತು, ಎಲ್ಲಿ ಮತ್ತೆ ಓದಬೇಕಾಯಿತು" ಎಂದು ಕೇಳಿ. ಪ್ರಬಂಧ ಸಿದ್ಧವಾದ ಮೇಲೆ 'ಮಯೂರ', 'ಸುಧಾ', 'ತುಷಾರ' ಇಂಥ ಯಾವುದಾದರೂ ಒಂದು ಪತ್ರಿಕೆಗೆ ಕಳಿಸಿ. ಒಂದೇ ಬರಹವನ್ನು ಏಕಕಾಲಕ್ಕೆ ಹಲವರಿಗೆ ಕಳಿಸಬೇಡಿ. ಮೇಲುಗಡೆ 'ಲಲಿತ ಪ್ರಬಂಧ' ಎಂದು ಸ್ಪಷ್ಟವಾಗಿ ಬರೆಯಿರಿ, ಇಲ್ಲದಿದ್ದರೆ ಸಂಪಾದಕರ ಮೇಜಿನ ಮೇಲೆ ಅದು ಮತ್ತೆ ಕಥೆಗಳ ಗುಂಪಿಗೆ ಸೇರಿಹೋಗುತ್ತದೆ. ದೃಶ್ಯ ಬರೆದಾದ ಮೇಲೆ ನನಗೂ ಕಳಿಸಿ. ಆ ತಕ್ಕಡಿ ಬಿಟ್ಟು ನಿಮ್ಮದೇ ಬೇರೊಂದು ಕೆಲಸ ಅಪ್ಪನ ಕೈಗೆ ಸಿಕ್ಕಿದ್ದರೆ ನನಗೆ ಹೆಚ್ಚು ಸಂತೋಷ.